ದೈವದ ಮೊಗ

ಕುಂಬಳೆ, ಮಂಜೇಶ್ವರ ಕಡೆಯಲ್ಲಿ ಕೋಲ ನೋಡದವರು ಯಾರಿದ್ದಾರೆ? ಹಂದಿಮುಖದ ಪಂಜುರ್ಲಿಯನ್ನು ನೀವೂ ನೋಡಿದ್ದೀರಿ. ಉದ್ದ ಮೂತಿ, ಕೋರೆಹಲ್ಲು, ನಿಂತ ಕಿವಿ. ಬೆಳೆ ಹಾಳುಮಾಡುವ ಹಂದಿಯೇ ಇಲ್ಲಿ ಬೆಳೆ ಕಾಯುವ ದೈವ! ಪಿಲಿಚಾಮುಂಡಿಗೆ ಹುಲಿಮುಖ. ಲೋಹದ ಈ ಮುಖವಾಡಕ್ಕೆ ತುಳುವಿನಲ್ಲಿ ಮೊಗ ಅನ್ನುತ್ತಾರೆ.

ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬರು ಅಕ್ಕ ಕೇಳಿದರು: "ನಾಟಕದವರೂ ಮುಖವಾಡ ಹಾಕ್ತಾರಲ್ಲ, ಇದಕ್ಕೂ ಅದಕ್ಕೂ ಏನು ವ್ಯತ್ಯಾಸ?"

ನಾಟಕದಲ್ಲಿ ಮುಖವಾಡ ಹಾಕಿದ ಕೂಡಲೇ ವೇಷ ಆಯಿತು. ಕೋಲದಲ್ಲಿ ಹಾಗಲ್ಲ. ಮೊದಲು ಭಂಡಾರದ ಮನೆಯಿಂದ ಮೊಗ, ಕತ್ತಿ, ಗಂಟೆ ಮೆರವಣಿಗೆಯಲ್ಲಿ ಬರ್ತವೆ. ಕೋಲ ಕಟ್ಟುವವರು ಎಣ್ಣೆ ಪಡೆದು, ಸ್ನಾನ ಮಾಡಿ, ಮುಖಕ್ಕೆ ಅರದಾಳದ ಹಳದಿ ಬಣ್ಣ ಹಚ್ಚುತ್ತಾರೆ. ಸೊಂಟಕ್ಕೆ ಎಳೆಯ ತೆಂಗಿನ ಗರಿಯ ಸಿರಿ. ಅವರ ಮನೆಯ ಹೆಂಗಸರು ತೆಂಬರೆ ಬಡಿದು ಪಾಡ್ದನ ಹೇಳುತ್ತಾರೆ. ದೈವ ಎಲ್ಲಿ ಹುಟ್ಟಿತು, ಯಾವ ದಾರಿಯಲ್ಲಿ ಈ ಊರಿಗೆ ಬಂತು ಎಂಬ ಕತೆ ಅದು. ಕಾಲಿಗೆ ಗಗ್ಗರ ಕಟ್ಟಿದ ಮೇಲೆ ಮೈ ನಡುಗುತ್ತದೆ, ಆವೇಶ ಬರುತ್ತದೆ. ಮೊಗ ಏರುವುದು ಆಮೇಲೆ. ಭಾರದ ಮೊಗವಾದರೆ ಕೈಯಲ್ಲಿ ಹಿಡಿಯುವುದೂ ಉಂಟು. ಅಂದರೆ ಅದು ಮನುಷ್ಯನನ್ನು ಅಡಗಿಸಲಿಕ್ಕೆ ಅಲ್ಲ. ಬಂದ ದೈವಕ್ಕೆ ಮುಖ ಕೊಡಲಿಕ್ಕೆ.

ಮೈಮೇಲೆ ಬರುವುದು ಲೋಕದ ಬೇರೆ ಕಡೆಯೂ ಇದೆ. ಇಂಥವರನ್ನು ವಿದ್ವಾಂಸರು 'ಶಾಮನ್' ಅನ್ನುತ್ತಾರೆ. ಅದು ಸೈಬೀರಿಯದ ಇವೆಂಕಿ ಜನರ ಕಡೆಯ ಪದ. ಅಲ್ಲಿ ಶಾಮನನ ಜೀವವೇ ದೇವತೆಗಳ ಲೋಕಕ್ಕೆ ಹೋಗಿ ಬರುತ್ತದೆ ಎಂದು ನಂಬಿಕೆ. ನಮ್ಮಲ್ಲಿ ದೈವವೇ ಮನುಷ್ಯನ ಬಳಿಗೆ ಬರುತ್ತದೆ.

ಬಂದು ನುಡಿ ಕೊಡುತ್ತದೆ. ಕೋಲ ಕಟ್ಟುವವರು ನಲಿಕೆ, ಪಂಬದ, ಪರವ ಜಾತಿಯವರು. ಹಿಂದೆ ದೊಡ್ಡ ಮನೆಗಳ ಜಗಲಿ ಹತ್ತಲು ಇವರನ್ನು ಬಿಡುತ್ತಿರಲಿಲ್ಲ. ಆದರೆ ಆ ರಾತ್ರಿ ಗುತ್ತಿನ ಯಜಮಾನರೇ ಇವರೆದುರು ಕೈಮುಗಿದು ನಿಲ್ಲಬೇಕು. ಗದ್ದೆಯ ಗಡಿ, ದಾಯಾದಿ ಜಗಳ ಅಲ್ಲೇ ತೀರ್ಮಾನ ಆಗುತ್ತಿತ್ತು. ಬೆಳಿಗ್ಗೆ ಬಣ್ಣ ತೊಳೆದ ಮೇಲೆ ಮತ್ತೆ ಹಳೇ ಲೆಕ್ಕವೇ. ನನಗಂತೂ ಇದು ಯಾವತ್ತೂ ಚುಚ್ಚುತ್ತದೆ.

ಹಳೇ ಮೊಗಗಳು ಈಗ ದೇಶ ವಿದೇಶದ ಮ್ಯೂಸಿಯಂ ಸೇರಿವೆ. ನಿಮ್ಮ ಭಂಡಾರದ ಮನೆಯ ಮೊಗವನ್ನು ಯಾರಾದರೂ ತೂಕಕ್ಕೆ ಕೇಳಿಕೊಂಡು ಬಂದರೆ ಒಂದು ವಿಷಯ ತಿಳಿದಿರಲಿ. 1972ರ ಪ್ರಾಚ್ಯವಸ್ತು ಕಾಯ್ದೆ ಎಂದು ಒಂದಿದೆ. 100 ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವ ಹಾಗಿಲ್ಲ. ಅದರ ವ್ಯಾಪಾರ ಮಾಡಲು ಲೈಸೆನ್ಸ್ ಬೇಕು. ಕಳವಾದರೆ ಪೊಲೀಸರು ಮೊದಲು ಕೇಳುವುದು ಗುರುತು. ಆದ್ದರಿಂದ ಮೊಗದ ಉದ್ದ, ಅಗಲ, ತೂಕ, ಒಡಕು ಇದ್ದರೆ ಎಲ್ಲಿ, ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಹಿರಿಯರು ಫೋಟೋಗೆ ಒಪ್ಪದಿದ್ದರೆ ಬರೆದದ್ದೇ ಸಾಕು.