‘ಸರ್ವರ್ ಡೌನ್’ ಆದಾಗ ಯಾರನ್ನ ಕರೀತೀರಿ?

ತಾಲ್ಲೂಕು ಕಚೇರಿ, ನಾಡಕಚೇರಿ, ಬ್ಯಾಂಕು, ರೇಷನ್ ಅಂಗಡಿ... ಎಲ್ಲಿ ಹೋದರೂ ನಮ್ಮ ಕೊಪ್ಪಳ ಜಿಲ್ಲೆಯ ಜನಕ್ಕೆ ಚೆನ್ನಾಗಿ ಪರಿಚಯ ಆಗಿರೋ ಇಂಗ್ಲಿಷ್ ಮಾತು ಅಂದ್ರೆ ‘ಸರ್ವರ್ ಡೌನ್’. ಅದು ಕಿವಿಗೆ ಬಿದ್ದ ಕೂಡಲೇ ಪಾಳಿ ಹಚ್ಚಿ ನಿಂತವರು ಗೋಡೆಗೆ ಒರಗಿ ಕೂತುಬಿಡ್ತಾರೆ. ಕೂಲಿ ಬಿಟ್ಟು ಬಂದವರಿಗೆ ಅವತ್ತಿನ ದುಡಿಮೆ ಹೋದಂಗೇ. ಅದೇ ಹೊತ್ತಿಗೆ ಕೌಂಟರಿನ ಒಳಗೆ ಇನ್ನೊಂದು ಸಣ್ಣ ಜಗಳ ನಡೆದಿರುತ್ತೆ. ‘ಹೊಸಾ ಅಪ್‌ಡೇಟ್ ಹಾಕಿದ್ದಕ್ಕೇ ಹಿಂಗಾತು’ ಅಂತ ಹಿರಿಯರು. ‘ಅಪ್‌ಡೇಟ್ ಹಾಕದೇ ಇದ್ದದ್ದಕ್ಕೇ ಹಿಂಗಾತ್ರಿ ಸರ’ ಅಂತ ಕಿರಿಯರು.

ನಾನು ಸಾಫ್ಟ್‌ವೇರ್ ಎಂಜಿನಿಯರ್. ನಮ್ಮಂಥವರು ಬೆಂಗಳೂರಲ್ಲಿ ಎಸಿ ಕೋಣೆಯೊಳಗೆ ಕೂತು ಬರೆದ ಕೋಡು ಕೊನೆಗೆ ಬಂದು ನಿಲ್ಲೋದು ಈ ಜನರ ಟೇಬಲ್ ಮೇಲೆ. ಕಂಪ್ಯೂಟರ್ ಆಪರೇಟರ್, ಗ್ರಾಮ ಒನ್ ನಡೆಸುವ ಹುಡುಗ, ಗಂಗಾವತಿಯ ರೈಸ್ ಮಿಲ್ಲುಗಳಿಗೆ ಟ್ಯಾಲಿ, ಪ್ರಿಂಟರ್ ನೋಡಿಕೊಳ್ಳೋ ಸರ್ವಿಸ್ ಅಂಗಡಿಯವರು, ಯುಪಿಎಸ್ ಹೆಗಲ ಮೇಲೆ ಹೊತ್ತುಕೊಂಡು ಕುಷ್ಟಗಿ, ಯಲಬುರ್ಗಾ ಬಸ್ ಹತ್ತೋ ಟೆಕ್ನಿಷಿಯನ್. ಐಟಿ ಸಪೋರ್ಟ್ ಅನ್ನೋ ದೊಡ್ಡ ಹೆಸರು ಇಲ್ಲದಿದ್ದರೂ ಕೆಲಸ ಅದೇ. ಈ ವೃತ್ತಿಯಲ್ಲಿ ಈಗ ಎರಡು ತಲೆಮಾರು ಅಕ್ಕಪಕ್ಕ ಕೂತಿದೆ. ಹೊಸ ತಂತ್ರಜ್ಞಾನ ಬಂದಾಗ ಇಬ್ಬರೂ ನಡೆದುಕೊಳ್ಳೋ ರೀತಿ ಬೇರೆ ಬೇರೆ. ಅದಕ್ಕೆ ವಯಸ್ಸೇ ಕಾರಣ ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಿ. ಸ್ವಲ್ಪ ಹತ್ತಿರದಿಂದ ನೋಡಿದರೆ ಕಾರಣ ಬೇರೆಯೇ ಇದೆ.

ಅಂದಿನ ಹುಡುಗರೇ ಇಂದಿನ ಹಿರಿಯರು

1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾಯಿತು. ಆಗ ಇದ್ದದ್ದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಅಂತ ನಾಲ್ಕೇ ತಾಲ್ಲೂಕು. ಕುಕನೂರು, ಕನಕಗಿರಿ, ಕಾರಟಗಿ ಆಮೇಲೆ ಬಂದವು. ಹೊಸ ಜಿಲ್ಲೆ ಇನ್ನೂ ಕಣ್ಣು ಬಿಡುವಷ್ಟರಲ್ಲೇ ‘ಭೂಮಿ’ ಯೋಜನೆ ಬಂತು. ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. 2002ರ ಹೊತ್ತಿಗೆ ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರ್ತಿತ್ತು. ಅದಕ್ಕೂ ಮೊದಲು ಆ ದಾಖಲೆ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿತ್ತು.

ಆ ಹೊತ್ತಿನಲ್ಲಿ ಹೊಸದನ್ನು ಅನುಮಾನದಿಂದ ನೋಡಿದವರು ಕೈಬರಹದ ಕಾಲದ ನೌಕರರು. ಉತ್ಸಾಹದಿಂದ ಕೀಬೋರ್ಡ್ ಮುಂದೆ ಕೂತವರು ಇಪ್ಪತ್ತು ದಾಟಿದ ಹುಡುಗರು. ಪಾಸ್‌ವರ್ಡನ್ನು ಇನ್ನೊಬ್ಬರಿಗೆ ಕೊಟ್ಟು ಜಾರಿಕೊಳ್ಳೋಕೆ ಆಗಬಾರದು ಅಂತ ‘ಭೂಮಿ’ಯಲ್ಲಿ ಬೆರಳಚ್ಚಿನ ಲಾಗಿನ್ ಇಟ್ಟಿದ್ದರು. ಬೆರಳಚ್ಚು ಅಂದ್ರೆ ಹೆಬ್ಬೆಟ್ಟಿನ ಸಹಿ ಅಂತಷ್ಟೇ ಗೊತ್ತಿದ್ದ ಕಾಲದಲ್ಲಿ ಅದು ದೊಡ್ಡ ಸೋಜಿಗ.

ಆ ಕಾಲದಲ್ಲಿ ಕೆಲಸಕ್ಕೆ ಸೇರಿದ ಹುಡುಗರಿಗೆ ಈಗ ನಲವತ್ತೈದು, ಐವತ್ತು. ಇವತ್ತು ‘ಇವರು ಹೊಸದಕ್ಕೆ ಒಗ್ಗೋದಿಲ್ಲ’ ಅಂತ ನಾವು ಬೆರಳು ತೋರಿಸೋದು ಇವರ ಕಡೆಗೇ. ಅಂದರೆ ಹುಟ್ಟಿನಿಂದಲೇ ಹೊಸದರ ವಿರೋಧಿ ಅನ್ನೋರು ಈ ವೃತ್ತಿಯಲ್ಲಿ ಯಾರೂ ಇರಲಿಲ್ಲ. ನಡುವೆ ಇಪ್ಪತ್ತೈದು ವರ್ಷದ ಅನುಭವ ಬಂತು, ಅಷ್ಟೆ.

ಹಿರಿಯರ ಹಿಂಜರಿಕೆಗೆ ಕಾರಣ ಇದೆ

ಭತ್ತದ ನಾಡು ಗಂಗಾವತಿಯ ಒಂದು ವೇಬ್ರಿಡ್ಜ್ ಯೋಚನೆ ಮಾಡಿ. ಲಾರಿ ತೂಕ ತೋರಿಸೋ ಯಂತ್ರದಿಂದ ಹಳೆಯ ಕಾಲದ ಸೀರಿಯಲ್ ಕೇಬಲ್ ಮೂಲಕ ಕಂಪ್ಯೂಟರಿಗೆ ಸಂಪರ್ಕ. ಪಕ್ಕದಲ್ಲಿ ಕರ್ರ್ ಅಂತ ಸದ್ದು ಮಾಡೋ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಸಾಫ್ಟ್‌ವೇರ್ ಬರೆದುಕೊಟ್ಟವರು ಈಗ ಎಲ್ಲಿದ್ದಾರೋ. ಇಂಥಾ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಿದರೆ ಪೋರ್ಟ್ ಕಾಣಿಸದೆ ಹೋಗಬಹುದು, ಡ್ರೈವರ್ ಸಿಗದೆ ಇರಬಹುದು. ಸುಗ್ಗಿಯಲ್ಲಿ ಅದು ಅರ್ಧ ದಿನ ನಿಂತರೂ ಭತ್ತದ ಲಾರಿಗಳು ರಸ್ತೆವರೆಗೂ ಸಾಲುಗಟ್ಟುತ್ತವೆ. ಬೈಸಿಕೊಳ್ಳೋದು ಮೈಕ್ರೋಸಾಫ್ಟ್‌ನವರಲ್ಲ, ಊರಿನ ಸರ್ವಿಸ್ ಅಂಗಡಿಯವರು. ‘ತಮ್ಮಾ, ನಡಿಯೋದನ್ನ ಯಾಕ ಮುಟ್ತಿ?’ ಅನ್ನೋ ಮಾತು ಹುಟ್ಟೋದು ಇಲ್ಲಿ.

ಕನ್ನಡದ್ದೇ ಇನ್ನೊಂದು ಉದಾಹರಣೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ನಮ್ಮ ಕಚೇರಿಗಳ ಬೆನ್ನೆಲುಬಾಗಿತ್ತು. ಆ ಕಾಲದ ಕಡತಗಳು ಆಸ್ಕಿ ಫಾಂಟಿನಲ್ಲಿವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಪೌಂಡ್ ಚಿಹ್ನೆ, ತಲೆ ಮೇಲೆ ಟೋಪಿ ಇಟ್ಟ ಇಂಗ್ಲಿಷ್ ಅಕ್ಷರಗಳು ಕಾಣಿಸ್ತವೆ. ಯೂನಿಕೋಡ್‌ನಲ್ಲೇ ಬೆಳೆದ ಹುಡುಗರು ‘ಫೈಲ್ ಕರಪ್ಟ್ ಆಗೇತಿ’ ಅಂತ ಕೈಬಿಡಬಹುದು. ಹಿರಿಯರು ಅದೇ ಕಡತಕ್ಕೆ ಫಾಂಟ್ ಹಾಕಿ ಎರಡು ನಿಮಿಷದಲ್ಲಿ ಓದಿಸ್ತಾರೆ. ಯೂನಿಕೋಡಿಗೆ ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಎಲ್ಲಿ ತಪ್ಪುತ್ತವೆ ಅನ್ನೋದೂ ಅವರಿಗೆ ಗೊತ್ತು. ಜಮೀನಿನ ಕಾಗದದಲ್ಲಿ ಒಂದು ಹೆಸರು ತಪ್ಪಿದರೆ ಏನಾಗುತ್ತೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಕಿರಿಯರ ಅವಸರಕ್ಕೂ ಕಾರಣ ಇದೆ

ಹಾಗಂತ ‘ಮುಟ್ಟಬ್ಯಾಡ’ ಅನ್ನೋದೇ ಮಂತ್ರವಾದರೆ ಅದೂ ಅಪಾಯ. 2017ರ ಮೇ ತಿಂಗಳಲ್ಲಿ ‘ವಾನ್ನಾಕ್ರೈ’ ಅನ್ನೋ ದುಷ್ಟ ತಂತ್ರಾಂಶ ಸುಮಾರು 150 ದೇಶಗಳಲ್ಲಿ ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ, ದುಡ್ಡು ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನ ವಾಪಸ್ ಕಳಿಸಬೇಕಾಯ್ತು. ಪಕ್ಕದ ಆಂಧ್ರದ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರುಗಳೂ ಸಿಕ್ಕಿಬಿದ್ದವು. ಅದು ನುಗ್ಗಿದ ಕಿಂಡಿ ಮುಚ್ಚೋ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಪೆಟ್ಟು ತಿಂದರು.

ಈಗ ನೋಡಿ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. 2018ಕ್ಕಿಂತ ಹಿಂದಿನ ಬಹುಪಾಲು ಕಂಪ್ಯೂಟರುಗಳಿಗೆ ವಿಂಡೋಸ್ 11 ಅಧಿಕೃತವಾಗಿ ಹೊಂದೋದಿಲ್ಲ. ಅಂಥ ಹಳೇ ಯಂತ್ರದಲ್ಲೇ ಬ್ಯಾಂಕ್ ವ್ಯವಹಾರ, ಜಿಎಸ್‌ಟಿ, ಆಧಾರ್ ಕೆಲಸ ನಡೆಸೋದು ಬಾಗಿಲು ತೆರೆದಿಟ್ಟು ಮಲಗಿದಂಗೆ ಅಂತ ಕಿರಿಯರು ಹೇಳಿದರೆ ಅದು ಶೋಕಿಯ ಮಾತಲ್ಲ.

ಆದರೆ ಇದಕ್ಕೆ ಉಲ್ಟಾ ಕಥೆಯೂ ಇದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನೋ ಭದ್ರತಾ ಕಂಪನಿಯ ಒಂದು ತಪ್ಪು ಅಪ್‌ಡೇಟಿನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಕೂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಿಂದ ಬರೆದುಕೊಟ್ಟ ಫೋಟೋ ನೀವೂ ನೋಡಿರ್ತೀರಿ. ಕಂಪನಿ 78 ನಿಮಿಷದಲ್ಲೇ ಅದನ್ನ ವಾಪಸ್ ತಗೊಂಡಿತು, ಆದರೆ ಅಷ್ಟರಲ್ಲಿ ಬಿದ್ದ ಕಂಪ್ಯೂಟರುಗಳಲ್ಲಿ ಬಹಳಷ್ಟು ತಾವಾಗಿ ಏಳಲಿಲ್ಲ. ಒಂದೊಂದರ ಮುಂದೂ ಮನುಷ್ಯ ಹೋಗಿ ಕೂತು, ಸೇಫ್ ಮೋಡ್‌ನಲ್ಲಿ ತೆರೆದು, ಆ ಒಂದು ಫೈಲ್ ಅಳಿಸಬೇಕಾಯ್ತು. ಕ್ಲೌಡ್ ಕಾಲದ ದೊಡ್ಡ ಅವಘಡಕ್ಕೆ ಕೊನೆಗೆ ಮದ್ದಾದದ್ದು ವಿಂಡೋಸ್ 98 ಕಾಲದಿಂದ ಹಿರಿಯರು ಬಳಸುತ್ತಾ ಬಂದ ವಿದ್ಯೆ.

ಒಂದು ಕಡೆ ಅಪ್‌ಡೇಟ್ ಹಾಕದೆ ಕೆಟ್ಟದ್ದು, ಇನ್ನೊಂದು ಕಡೆ ಹಾಕಿ ಕೆಟ್ಟದ್ದು. ಕೌಂಟರಿನ ಒಳಗಿನ ಆ ಜಗಳದಲ್ಲಿ ಇಬ್ಬರ ಮಾತಲ್ಲೂ ಅರ್ಧ ಸತ್ಯ ಇದೆ.

ಒಂದು ಬೆರಳು, ಎರಡು ಉಪಾಯ

ಇಬ್ಬರೂ ಸೇರಿದರೆ ಕೆಲಸ ಹೇಗೆ ಸುಲಭ ಆಗುತ್ತೆ ಅನ್ನೋಕೆ ಹೆಬ್ಬೆಟ್ಟಿಗಿಂತ ಒಳ್ಳೆ ಉದಾಹರಣೆ ಇಲ್ಲ. ಸಸಿ ನೆಟ್ಟು, ಕಳೆ ತೆಗೆದು, ಕಲ್ಲು ಹೊತ್ತ ಕೈಗಳ ರೇಖೆ ಸವೆದಿರುತ್ತೆ. ಯಂತ್ರ ‘ಹೊಂದಾಣಿಕೆ ಆಗ್ತಿಲ್ಲ’ ಅನ್ನುತ್ತೆ. ಅನುಭವಸ್ಥರು ಕೈ ತೊಳಸಿ, ಬೆರಳಿಗೆ ಸ್ವಲ್ಪ ಪಸೆ ಬರಿಸಿ, ಸ್ಕ್ಯಾನರಿನ ಗಾಜು ಒರೆಸಿ, ಹೆಬ್ಬೆಟ್ಟು ಬಿಟ್ಟು ಬೇರೆ ಬೆರಳು ಇಡಿಸಿ ನೋಡ್ತಾರೆ. ಬಹಳ ಸಲ ಅಷ್ಟಕ್ಕೇ ಕೆಲಸ ಆಗುತ್ತೆ. ಆಗದೇ ಇದ್ದಾಗ ಕಿರಿಯರ ವಿದ್ಯೆ ಬೇಕು. ಪಿಂಚಣಿದಾರರ ಜೀವನ ಪ್ರಮಾಣಪತ್ರಕ್ಕೆ 2021ರಿಂದ ಮೊಬೈಲಿನಲ್ಲಿ ಮುಖ ತೋರಿಸಿ ದೃಢೀಕರಿಸೋ ದಾರಿ ಇದೆ. ಅದು ಗೊತ್ತಿಲ್ಲದ ಕಡೆ ಎಂಬತ್ತರ ಅಜ್ಜಿಯನ್ನ ಆಟೋದಲ್ಲಿ ಕೂರಿಸಿಕೊಂಡು ಮತ್ತೆ ಮತ್ತೆ ಅಲೆದಾಡಿಸ್ತಾರೆ.

ಎಐ ಯಾರ ವಿದ್ಯೆ ಕಲಿಯಿತು?

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಈ ಎರಡು ತಲೆಮಾರಿನ ನಡುವಿನ ಅಂತರ ಇನ್ನಷ್ಟು ಎದ್ದು ಕಾಣ್ತಿದೆ. ಕಿರಿಯರು ಪರದೆ ಮೇಲಿನ ದೋಷದ ಫೋಟೋ ತೆಗೆದು ಎಐಗೆ ಕೇಳ್ತಾರೆ. ಹಿರಿಯರಿಗೆ ಅದು ಅರೆಬೆಂದ ಉತ್ತರ. ಇಲ್ಲಿ ಒಂದು ಅಧ್ಯಯನ ನೆನಪಿಡಬೇಕು. 2023ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಎಂಐಟಿಯ ಸಂಶೋಧಕರು ಒಂದು ಸಾಫ್ಟ್‌ವೇರ್ ಕಂಪನಿಯ 5,179 ಗ್ರಾಹಕ ಸಹಾಯಕರ ಕೆಲಸವನ್ನು ಪರಿಶೀಲಿಸಿದರು. ಎಐ ಸಲಹೆ ಸಿಕ್ಕ ಮೇಲೆ ಗಂಟೆಗೆ ಬಗೆಹರಿಸೋ ಸಮಸ್ಯೆಗಳು ಸರಾಸರಿ ಶೇ 14ರಷ್ಟು ಹೆಚ್ಚಿದವು. ಹೊಸಬರಲ್ಲಿ, ಕೌಶಲ ಕಡಿಮೆ ಇದ್ದವರಲ್ಲಿ ಏರಿಕೆ ಶೇ 34. ನುರಿತ ಹಿರಿಯರಿಗೆ ಹೆಚ್ಚೇನೂ ಲಾಭ ಆಗಲಿಲ್ಲ.

ಕಾರಣ ಕೇಳಿ. ಆ ಎಐ ಕಲಿತದ್ದೇ ಚೆನ್ನಾಗಿ ಕೆಲಸ ಮಾಡೋ ನೌಕರರ ಮಾತುಕತೆಗಳಿಂದ. ಅಂದರೆ ಹಿರಿಯರು ವರ್ಷಗಟ್ಟಲೆ ಗಳಿಸಿದ್ದೇ ಯಂತ್ರದ ಮೂಲಕ ಹೊಸಬರ ಕೈಗೆ ಬಂತು. ಇದು ಒಳ್ಳೇದೇ. ಆದರೆ ಕಲಿಸಿದವರಿಗೆ ಏನು ಸಿಕ್ಕಿತು?

ನಮ್ಮ ಕಡೆಯ ನಿಜವಾದ ಭಯ ಇರೋದೂ ಇದೇ ಪ್ರಶ್ನೆಯಲ್ಲಿ. ಕಚೇರಿಗಳ ಕಂಪ್ಯೂಟರ್ ಕೆಲಸಗಾರರಲ್ಲಿ ಬಹಳ ಜನ ಹೊರಗುತ್ತಿಗೆಯವರು. ಗುತ್ತಿಗೆ ನವೀಕರಣ ಆದರೆ ಮುಂದಿನ ವರ್ಷ, ಇಲ್ಲದಿದ್ದರೆ ಮನೆ. ‘ಗೊತ್ತಿರೋದನ್ನೆಲ್ಲ ಹೇಳಿಕೊಟ್ಟರೆ ನಾಳೆ ನನಗೇನು ಕೆಲಸ?’ ಅಂತ ಐವತ್ತರ ಆಪರೇಟರ್ ಯೋಚಿಸಿದರೆ ಅದನ್ನ ಹೊಟ್ಟೆಕಿಚ್ಚು ಅನ್ನೋದು ಅನ್ಯಾಯ. ಮನೆ ಬಾಡಿಗೆ, ಮಗಳ ಕಾಲೇಜು ಫೀ ಆ ಮೌನದ ಹಿಂದೆ ಇದೆ. ಕೆಲಸ ಭದ್ರ ಇಲ್ಲದ ಕಡೆ ವಿದ್ಯೆ ಕೈ ದಾಟೋದಿಲ್ಲ. ಹೊಸದನ್ನ ಒಪ್ಪೋದೋ ಬಿಡೋದೋ ಅನ್ನೋದನ್ನು ವಯಸ್ಸಿಗಿಂತ ಹೆಚ್ಚಾಗಿ ತೀರ್ಮಾನಿಸೋದು ಇವೇ ಎರಡು ವಿಷಯ: ಕೆಟ್ಟಾಗ ಬೈಸಿಕೊಳ್ಳೋದು ಯಾರು, ಕಲಿಸಿದ ಮೇಲೆ ಉಳಿಯೋದು ಯಾರು.

ತುಂಗಭದ್ರೆ ಕಲಿಸಿದ್ದು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋದದ್ದನ್ನು ಕೊಪ್ಪಳ, ಗಂಗಾವತಿಯ ಜನ ಮರೆತಿಲ್ಲ. ನದಿಗೆ ಹರಿದದ್ದು ನಮ್ಮ ಗದ್ದೆಯ ನೀರು. ಆಗ ಕರೆಸಿದ್ದು ಎಂಬತ್ತರ ಸಮೀಪದಲ್ಲಿದ್ದ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರನ್ನ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸೋ ಕೆಲಸಕ್ಕೆ ಅವರ ಅನುಭವ ದಾರಿ ತೋರಿಸಿತು. ಹಗಲು ರಾತ್ರಿ ಕಬ್ಬಿಣ ಕತ್ತರಿಸಿ, ಬೆಸೆದು, ಕ್ರೇನಿನಲ್ಲಿ ಇಳಿಸಿದ್ದು ನೂರಾರು ಕೆಲಸಗಾರರ ಕೈಗಳು. ಸುಮಾರು ಒಂದು ವಾರದಲ್ಲಿ ಕಿಂಡಿ ಮುಚ್ಚಿತು.

ಇಂಥಾ ಜೋಡಿ ನಮ್ಮ ಕಚೇರಿ, ಅಂಗಡಿಗಳಲ್ಲೂ ಆಗಬೇಕು. ದೊಡ್ಡ ಖರ್ಚೇನಿಲ್ಲ. ಹೊಸ ಅಪ್‌ಡೇಟನ್ನು ಮೊದಲು ಒಂದೇ ಕಂಪ್ಯೂಟರಿಗೆ ಹಾಕಿ, ನಾಲ್ಕು ದಿನ ನೋಡಿ, ಆಮೇಲೆ ಉಳಿದವಕ್ಕೆ ಹಾಕಲಿ. ವೇಬ್ರಿಡ್ಜ್‌ನಂಥ ಹಳೇ ಯಂತ್ರವನ್ನ ಇಂಟರ್ನೆಟ್‌ನಿಂದ ಬೇರೆ ಇಟ್ಟರೆ ಕೆಲಸವೂ ನಡೆಯುತ್ತೆ, ಅಪಾಯವೂ ಕಡಿಮೆ. ಬ್ಯಾಕಪ್ ತೆಗೆದರೆ ಸಾಲದು, ಅದು ತೆರೆಯುತ್ತಾ ಅಂತ ತಿಂಗಳಿಗೊಮ್ಮೆ ನೋಡಲಿ. ಯಾವ ಸಮಸ್ಯೆಗೆ ಏನು ಮಾಡಿದರು ಅನ್ನೋದನ್ನ ಹಿರಿಯರು ಹೇಳಲಿ, ಕಿರಿಯರು ಕನ್ನಡದಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ, ಹೇಳಿದವರ ಹೆಸರು ಅದರಲ್ಲಿರಲಿ. ಗುತ್ತಿಗೆ ನವೀಕರಿಸುವಾಗ ಕಲಿಸಿದ್ದನ್ನೂ ಕೆಲಸ ಅಂತ ಲೆಕ್ಕ ಹಿಡಿಯಲಿ.

ಓದುಗರಾದ ನಾವೂ ಒಂದು ಮಾಡಬಹುದು. ಮನೆಯ ಲ್ಯಾಪ್‌ಟಾಪ್ ಕೆಟ್ಟಾಗ ‘ಈ ಮುದುಕರಿಗೇನು ಗೊತ್ತು’, ‘ಈ ಹುಡುಗರಿಗೇನು ಗೊತ್ತು’ ಅನ್ನೋದನ್ನ ಬಿಟ್ಟು ಮೂರು ಪ್ರಶ್ನೆ ಕೇಳಿ: ನನ್ನ ಫೋಟೋ, ಕಾಗದಪತ್ರದ ಬ್ಯಾಕಪ್ ಮೊದಲು ತಗೋತೀರಾ? ಏನು ಬದಲಾಯಿಸ್ತೀರಿ ಅಂತ ಹೇಳ್ತೀರಾ? ಸರಿಹೋಗದಿದ್ದರೆ ಮೊದಲಿನಂಗೇ ಮಾಡಿಕೊಡ್ತೀರಾ? ಮೂರಕ್ಕೂ ‘ಹೂಂ ರೀ’ ಅಂದವರಿಗೆ ಇಪ್ಪತ್ತೆರಡು ವರ್ಷವಾದರೂ ಸರಿ, ಐವತ್ತೆರಡಾದರೂ ಸರಿ, ಧೈರ್ಯವಾಗಿ ಕೊಡಿ.