ಹಳೇ ಕಂಪ್ಯೂಟರ್ ಸ್ಲೋನಾ? ಹೊಸದು ಕೊಳ್ಳೋ ಮುಂಚೆ ಇದನ್ನ ನೋಡಿ

ಅಂಗಡಿ ಬಾಗಿಲು ತೆಗೆದು ಕಂಪ್ಯೂಟರ್ ಆನ್ ಮಾಡಿ, ಟೀ ಕುಡಿದು ಬಂದರೂ ಬಿಲ್ಲಿಂಗ್ ಓಪನ್ ಆಗಿರಲ್ಲ. ‘ವೈರಸ್ ಇರಬೇಕು, ಫಾರ್ಮ್ಯಾಟ್ ಮಾಡಿಸಿ’ ಅಂತಾರೆ. ಎಂಟು-ಹತ್ತು ವರ್ಷದ ಸಿಸ್ಟಮ್‌ನಲ್ಲಿ ಎಷ್ಟೋ ಸಲ ಸಮಸ್ಯೆ ಇರೋದು ಹಾರ್ಡ್ ಡಿಸ್ಕ್‌ನಲ್ಲಿ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತೆ. ಮೊದಲು ಸ್ಟಾರ್ಟ್‌ಅಪ್ ವಿಭಾಗದಲ್ಲಿ ಬೇಡದ್ದನ್ನ ಡಿಸೇಬಲ್ ಮಾಡಿ, ಇದಕ್ಕೆ ಖರ್ಚಿಲ್ಲ. ಆಮೇಲೂ ‘ಡಿಸ್ಕ್’ ಕಾಲಂ 100%ನಲ್ಲೇ ನಿಂತಿದ್ದರೆ ಎಸ್‌ಎಸ್‌ಡಿ ಹಾಕಿಸಿ. ಹಾರ್ಡ್ ಡಿಸ್ಕ್‌ನಲ್ಲಿ ತಟ್ಟೆ ತಿರುಗಬೇಕು, ಹೆಡ್ಡು ಹುಡುಕಬೇಕು. ಎಸ್‌ಎಸ್‌ಡಿಯಲ್ಲಿ ತಿರುಗೋದೇ ಇಲ್ಲ. ಬಿಲ್ಲಿಂಗ್‌ಗೆ 256 ಜಿಬಿ ಧಾರಾಳ. ರ‍್ಯಾಮ್ 4 ಜಿಬಿ ಇದ್ದರೆ 8 ಮಾಡಿಸಿ.

ರಿಪೇರಿಗೆ ಕೊಡೋ ಮೊದಲು ಟ್ಯಾಲಿ ಡೇಟಾ, ಮಕ್ಕಳ ಫೋಟೋ ಎಲ್ಲಾ ಬೇರೆ ಡ್ರೈವ್‌ಗೆ ಕಾಪಿ ಮಾಡಿ, ತೆರೆದು ನೋಡಿ. ಉದ್ರಿ ಲೆಕ್ಕ ಅಳಿಸಿಹೋದರೆ ಗಿರಾಕಿ ತಾನಾಗಿ ಬಂದು ಹೇಳ್ತಾನಾ?

ಒಂದು ತೊಡಕು ಮಾತ್ರ ಉಳಿಯುತ್ತೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್ 8ನೇ ಜನರೇಷನ್‌ಗಿಂತ ಹಳೇ ಪ್ರೊಸೆಸರ್‌ಗಳಲ್ಲಿ ಹೆಚ್ಚಿನವಕ್ಕೆ ವಿಂಡೋಸ್ 11 ಅಧಿಕೃತವಾಗಿ ಸಿಗಲ್ಲ. ಅಂಥ ಸಿಸ್ಟಮ್ ಬಿಲ್ಲಿಗೆ ಇರಲಿ, ಬ್ಯಾಂಕ್ ವ್ಯವಹಾರಕ್ಕೆ ಬೇಡ.