ಹಲ್ಲಿನ ಕುರ್ಚಿಯಲ್ಲಿ ಎದೆ ಹಿಡಿದುಕೊಂಡರೆ?

ಸಕಲೇಶಪುರದ ಬಿ.ಎಂ. ರಸ್ತೆಯಲ್ಲಿ ಔಷಧಿ ಅಂಗಡಿಯ ಮೇಲಿರುವ ಹಲ್ಲಿನ ಕ್ಲಿನಿಕ್ ಇದು. ಮೆಟ್ಟಿಲು ಎಷ್ಟು ಕಿರಿದೆಂದರೆ ಎದುರಿಗೆ ಒಬ್ಬರು ಬಂದರೆ ಗೋಡೆಗೆ ಒತ್ತಿ ನಿಲ್ಲಬೇಕು. ಸ್ಟ್ರೆಚರ್ ಇಲ್ಲಿ ತಿರುಗುವುದಿಲ್ಲ. ಹಾಗಾಗಿ ಸಿಬ್ಬಂದಿಗೆ ತುರ್ತು ನೆರವಿನ ತರಬೇತಿ ಮೆಟ್ಟಿಲಿನಿಂದಲೇ ಶುರುವಾಗಿದೆ. ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸುವವರು ಯಾರು, ಕೆಳಗೆ ನಿಂತು ಆಂಬುಲೆನ್ಸ್‌ಗೆ ಕೈ ಬೀಸುವವರು ಯಾರು ಎಂಬುದನ್ನು ಹೆಸರು ಹಿಡಿದು ಹಂಚುತ್ತಿದ್ದಾರೆ.

ಒಳಗಿನ ಬೆಂಚಿನಲ್ಲಿ ಹಾನಬಾಳು, ಹೆತ್ತೂರು ಕಡೆಯವರು ಕೂತಿದ್ದಾರೆ. ಬೆಳಗಿನ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ತಿಂಡಿ ಬಿಟ್ಟು ಬರುವವರು ಇದ್ದೇ ಇರುತ್ತಾರೆ. "ಅಜ್ಜಿ, ಏನಾದ್ರೂ ತಿಂದ್ಕೊಂಡ್ ಬಂದ್ರಾ? ಏನೇನ್ ಮಾತ್ರೆ ತಗೋತೀರಾ?" ಎಂದು ಕೌಂಟರಿನ ಹುಡುಗಿ ಕೇಳುತ್ತಾಳೆ. ನನ್ನ ಲೆಕ್ಕದಲ್ಲಿ ಅರ್ಧ ಅಪಾಯ ತಪ್ಪುವುದು ಈ ಪ್ರಶ್ನೆಯಲ್ಲೇ. ಉಳಿದದ್ದು ಸಹಾಯಕಿಯ ಕಣ್ಣಿಗೆ ಬಿಟ್ಟದ್ದು. ಡಾಕ್ಟರು ಬಾಯೊಳಗೆ ನೋಡುತ್ತಿರುವಾಗ ರೋಗಿಯ ಹಣೆ ಬೆವರುವುದು ಮೊದಲು ಕಾಣುವುದು ಅವಳಿಗೆ.

ಕುರ್ಚಿಯ ಹಿಂದೆ ಒಂದು ಕೆಂಪು ಪೆಟ್ಟಿಗೆ. ಅದರಲ್ಲಿ ಅಡ್ರಿನಲಿನ್, 300 ಮಿ.ಗ್ರಾಂ. ಆಸ್ಪಿರಿನ್, ಸಾರ್ಬಿಟ್ರೇಟ್, ಸಾಲ್ಬುಟಮಾಲ್ ಇನ್‌ಹೇಲರ್, ಗ್ಲೂಕೋಸ್ ಪುಡಿ. ಯಾವುದರ ಅವಧಿ ಯಾವ ತಿಂಗಳಿಗೆ ಮುಗಿಯುತ್ತದೆಂದು ಮುಚ್ಚಳದ ಒಳಗೆ ಪಟ್ಟಿ ಅಂಟಿಸಿದ್ದಾರೆ. ಆಮ್ಲಜನಕದ ಸಿಲಿಂಡರಿನ ಕೀಲಿಯನ್ನು ಅದರ ಕುತ್ತಿಗೆಗೇ ದಾರದಲ್ಲಿ ಕಟ್ಟಿದೆ. ಕೀಲಿ ಬೀರುವಿನಲ್ಲಿದ್ದರೆ ತುಂಬಿದ ಸಿಲಿಂಡರೂ ಬರೀ ಕಬ್ಬಿಣ.

ಹಲ್ಲಿನ ಕ್ಲಿನಿಕ್ಕುಗಳಲ್ಲಿ ಹೆಚ್ಚಾಗಿ ಆಗುವುದು ಹೆದರಿ ತಲೆಸುತ್ತಿ ಬೀಳುವುದು. ಕುರ್ಚಿ ಮಲಗಿಸಿ ಕಾಲು ಎತ್ತಿದರೆ ಸಾಮಾನ್ಯವಾಗಿ ಬೇಗ ಕಣ್ಣು ಬಿಡುತ್ತಾರೆ. ಎದೆನೋವಿಗೆ ಹಾಗೆ ಮಲಗಿಸದೆ ಒರಗಿಸಿ ಕೂರಿಸಬೇಕು. ಎಚ್ಚರ ತಪ್ಪಿ ಉಸಿರೂ ನಿಂತರೆ ಕುರ್ಚಿಯನ್ನು ಪೂರ್ತಿ ಚಪ್ಪಟೆ ಮಾಡಿ, ಅದರ ಬೆನ್ನಿನಡಿ ಡಾಕ್ಟರ ಸ್ಟೂಲನ್ನು ತಳ್ಳಬೇಕು. ಇಲ್ಲದಿದ್ದರೆ ಎದೆ ಒತ್ತಿದಂತೆಲ್ಲ ಕುರ್ಚಿಯೇ ಕುಲುಕಾಡುತ್ತದೆ. ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತಬೇಕು, ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು. ತರಬೇತಿಯ ಬೊಂಬೆಯ ಎದೆ ಒತ್ತುವಾಗ ಡಾಕ್ಟರಿಗಿಂತ ನೆಲ ಒರೆಸುವ ಅಮ್ಮನ ತೋಳಿಗೇ ಹದ ಸಿಕ್ಕಿತು! ಎದೆಗೆ ವಿದ್ಯುತ್ ಕೊಡುವ ಎಇಡಿ ಯಂತ್ರ ಇಲ್ಲಿಲ್ಲ, ಸಣ್ಣ ಕ್ಲಿನಿಕ್ಕಿಗೆ ಅದರ ಬೆಲೆ ಭಾರ. ಆಂಬುಲೆನ್ಸ್ ಬರುವ ತನಕ ಕೈಯೇ ಗತಿ.

108ಕ್ಕೆ ಕರೆ ಮಾಡುವುದನ್ನೂ ಆಡಿ ನೋಡಿದರು. ತಾಲ್ಲೂಕು, ರಸ್ತೆ, ಔಷಧಿ ಅಂಗಡಿ, ಮೊದಲ ಮಹಡಿ, ಇದೇ ಕ್ರಮದಲ್ಲಿ ಹೇಳಬೇಕು. ಇಲ್ಲಿ ಕ್ರಾಫರ್ಡ್ ಆಸ್ಪತ್ರೆ ಊರೊಳಗೇ ಇದೆ. ಅಲ್ಲಿಂದ ಮುಂದೆ ಕಳಿಸಿದರೆ ಹಾಸನಕ್ಕೆ ಸುಮಾರು 40 ಕಿ.ಮೀ. ಆಲೂರು ಪೇಟೆಯವರಿಗೆ ಹಾಸನ ಹತ್ತಿರ, ಆದರೆ ಕೆ. ಹೊಸಕೋಟೆ ಕಡೆಯ ಒಳದಾರಿಯಲ್ಲಿ ಮಳೆಗಾಲದ ಲೆಕ್ಕವೇ ಬೇರೆ.

2025ರ ಮೇ, ಜೂನ್‌ನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ರಾಜ್ಯಕ್ಕೆಲ್ಲ ಸುದ್ದಿಯಾದವು. ಸರ್ಕಾರ ತಜ್ಞರ ಸಮಿತಿ ರಚಿಸಿತು, ಜನ ಹೆದರಿ ತಪಾಸಣೆಗೆ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಆ ಭಯದಲ್ಲಿ ಒಂದಿಷ್ಟಾದರೂ ಇಂಥ ತಾಲೀಮಿಗೆ ತಿರುಗಬೇಕಿತ್ತು.

ಹಲ್ಲು ಕೀಳಿಸಲು ಹೋಗುವವರು ಡಾಕ್ಟರು ಬೇಡವೆನ್ನದಿದ್ದರೆ ತಿಂಡಿ ತಿಂದೇ ಹೋಗಿ, ಮಾತ್ರೆಯ ಚೀಟಿಯನ್ನು ಕೈಯಲ್ಲಿ ಹಿಡಿದುಕೊಳ್ಳಿ. ಕೂರುವ ಮೊದಲು, ಆಕ್ಸಿಜನ್ ಎಲ್ಲಿಟ್ಟಿದ್ದೀರಿ ಎಂದು ಒಂದು ಮಾತು ಕೇಳಿ.